ಜರ್ಮನಿಯ ವಿದ್ಯಾಪೀಠಗಳೂ ನಮ್ಮ ತರುಣರೂ

ಸಮುದ್ರವನ್ನು ದಾಟಿ ವಿದ್ಯೆಯನ್ನು ಪಡೆಯುವದು ಯೋಗ್ಯವೋ ಅಯೋಗ್ಯವೋ ಎಂಬ ವಾದವು ಮುಗಿದು ಬಹುಕಾಲವಾಯಿತು. ದಾಟಿ ಬಂದವನಿಗೆ ಒಂದು ಕಾಲಕ್ಕೆ ಪ್ರಾಯಶ್ಚಿತ್ತವನ್ನು ವಿಧಿಸುತ್ತಿದ್ದ ನಮ್ಮ ಜನರೇ ಇಂದು ಮಗನನ್ನೂ ಮಗಳನ್ನೂ ಕಳುಹಿಸುವದಕ್ಕಾಗಿ ಹೊಲ ಮನೆಗಳನ್ನು ಅಡವಿಡುತ್ತಿರುವರು. ಅಲ್ಲಿ ಯಾವ ತರದ ಶಾಲೆಗಳುಂಟು, ಯಾವ ಶಾಲೆಯ ಪದವಿಯು ನಮ್ಮನ್ನು ಯಾವ ಬಾಗಿಲಿನ ವರೆಗೆ ಒಯ್ಯುವದು, ಯಾವುದಕ್ಕೆ ಎಷ್ಟು ವೆಚ್ಚ ತಗಲುವದು ಎಂಬುದನ್ನು ಅರಿತು ಹೋಗುವೆವೋ, ಅಥವಾ ದಲಾಲನ ಕೈಹಿಡಿದು ಕಣ್ಣು ಮುಚ್ಚಿಕೊಂಡು ಹೋಗುವೆವೋ? ಇಂದಿನ ಪ್ರಶ್ನೆ ಇದು. ಕೊಳ್ಳುವ ಎತ್ತಿನ ಹಲ್ಲು ನೋಡದೆ ಸಂತೆಯಲ್ಲಿ ದುಡ್ಡು ಬಿಚ್ಚದ ನಮ್ಮ ಒಕ್ಕಲಿಗನು, ಮಗನ ಆಯುಷ್ಯದ ನಾಲ್ಕು ವರ್ಷಗಳನ್ನು ಹೊತ್ತಿಗೆಯ ಬಣ್ಣದ ಹೊದಿಕೆಯನ್ನಷ್ಟೇ ನೋಡಿ ಕೊಟ್ಟುಬಿಡುವನೆಂದರೆ ಅದು ಅವನ ತಪ್ಪಲ್ಲ. ಅವನಿಗೆ ಅವನ ಭಾಷೆಯಲ್ಲಿ ತಿಳಿಯಹೇಳದ ನಮ್ಮ ತಪ್ಪು.

ಜರ್ಮನಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಆ ನಾಡಿನಲ್ಲಿ ಓದುವ ಪರದೇಶೀಯ ವಿದ್ಯಾರ್ಥಿಗಳಲ್ಲಿ 2022-23ರ ಚಳಿಗಾಲದ ಅವಧಿಯಲ್ಲಿ ಭಾರತೀಯರು ಚೀನದವರನ್ನು ಹಿಂದೆ ಹಾಕಿ ಮೊದಲನೆಯ ಸ್ಥಾನಕ್ಕೆ ಬಂದರು. ಮರುವರ್ಷ ಅವರ ಸಂಖ್ಯೆಯು 49 ಸಾವಿರವನ್ನು ದಾಟಿತು. ನಮ್ಮ ಕರ್ನಾಟಕದ ಇಂಜಿನಿಯರಿಂಗ್ ಪದವೀಧರರೂ ಅವರಲ್ಲಿರುವರು. "ಜರ್ಮನಿಯಲ್ಲಿ ವಿದ್ಯೆ ಪುಕ್ಕಟೆ" ಎಂಬ ಒಂದು ಮಾತು ಊರೂರಿಗೆ ಹಬ್ಬಿದೆ. ಅರ್ಧ ಸತ್ಯವು ಪೂರ್ಣ ಸುಳ್ಳಿಗಿಂತ ಹೆಚ್ಚು ಮನೆಗಳನ್ನು ಕೆಡಿಸುವದು. ಆದುದರಿಂದ ಆ ನಾಡಿನ ಉಚ್ಚ ಶಿಕ್ಷಣದ ವ್ಯವಸ್ಥೆಯನ್ನು ವಾಚಕರ ಮುಂದಿಡುವದು ಕರ್ತವ್ಯವೆಂದು ಬಗೆದಿರುವೆವು.

ಮೊಟ್ಟಮೊದಲು ನೆನಪಿನಲ್ಲಿಡತಕ್ಕ ಮಾತೆಂದರೆ, ಜರ್ಮನಿಯು 16 ಪ್ರಾಂತಗಳ ಒಕ್ಕೂಟವು. 1871ರಲ್ಲಿ ಒಂದಾಗುವ ಮುಂಚೆ ಆ ನಾಡು ಹತ್ತಾರು ಸಂಸ್ಥಾನಗಳಾಗಿ ಒಡೆದಿತ್ತು. ಅನೇಕ ಸಂಸ್ಥಾನಗಳ ದೊರೆಗಳು ತಮ್ಮ ತಮ್ಮ ವಿದ್ಯಾಪೀಠಗಳನ್ನು ಕಟ್ಟಿಸಿದ್ದರು. ಹೈಡೆಲ್‌ಬರ್ಗಿನದು 1386ರಲ್ಲಿಯೂ ಟ್ಯೂಬಿಂಗನ್ನಿನದು 1477ರಲ್ಲಿಯೂ ಬರ್ಲಿನ್ನಿನದು 1810ರಲ್ಲಿಯೂ ಹುಟ್ಟಿದವು. 1949ರ ಅವರ ರಾಜ್ಯಘಟನೆಯು ಶಿಕ್ಷಣದ ಅಧಿಕಾರವನ್ನು ಪ್ರಾಂತಗಳಿಗೇ ಬಿಟ್ಟಿತು. ನಮ್ಮಲ್ಲಾದರೋ 1976ರ 42ನೆಯ ತಿದ್ದುಪಡಿಯು ಶಿಕ್ಷಣವನ್ನು ರಾಜ್ಯಗಳ ಪಟ್ಟಿಯಿಂದ ತೆಗೆದು ಸಮವರ್ತಿ ಪಟ್ಟಿಗೆ ಸೇರಿಸಿತು. ಒಂದಾದ ಮೇಲೆಯೂ ಪ್ರಾಂತದ ವಿದ್ಯೆಯನ್ನು ಪ್ರಾಂತದ ಕೈಯಲ್ಲಿಯೇ ಇಟ್ಟುಕೊಳ್ಳಬಹುದು, ಅದರಿಂದ ರಾಷ್ಟ್ರಕ್ಕೆ ಹಾನಿಯೇನೂ ಆಗದು ಎಂಬುದಕ್ಕೆ ಜರ್ಮನಿಯೇ ಸಾಕ್ಷಿ. ವಿದ್ಯಾರ್ಥಿಗೆ ಇದರಿಂದ ತಿಳಿಯಬೇಕಾದ್ದೇನಂದರೆ, ಒಂದು ಪ್ರಾಂತದ ಶುಲ್ಕವೂ ನಿಯಮವೂ ಇನ್ನೊಂದರದ್ದಲ್ಲ. "ಜರ್ಮನಿಯಲ್ಲಿ ಹೀಗೆ" ಎಂದು ಹೇಳುವವನನ್ನು "ಯಾವ ಪ್ರಾಂತದಲ್ಲಿ?" ಎಂದು ಕೇಳತಕ್ಕದ್ದು.

ಎರಡನೆಯದಾಗಿ ಹೆಸರುಗಳ ತೊಡಕು. ಅಲ್ಲಿ 'ಗಿಮ್ನಾಸಿಯುಂ' ಎಂದರೆ ಗರಡಿಮನೆಯಲ್ಲ, ಹುಡುಗರು ವಿಶ್ವವಿದ್ಯಾಲಯಕ್ಕೆ ಸಿದ್ಧವಾಗುವ ಪ್ರೌಢಶಾಲೆ. 'ಹೋಖ್‌ಶೂಲೆ' ಎಂಬುದನ್ನು ಅಕ್ಷರಶಃ ಬಿಡಿಸಿದರೆ ಹೈಸ್ಕೂಲು ಎಂದಾಗುವದು. ಆದರೆ ಅದು ಪದವಿಯನ್ನು ಕೊಡುವ ಎಲ್ಲ ಉಚ್ಚ ವಿದ್ಯಾಲಯಗಳಿಗೂ ಇರುವ ಸಾಮಾನ್ಯ ನಾಮ. ಈ ಹೆಸರನ್ನು ಕಂಡು ಕೀಳೆಂದು ಬಿಟ್ಟವರೂ ಉಂಟು. 'ಯುನಿವರ್ಸಿಟಿ' ಎಂಬ ಇಂಗ್ಲೀಷ ಹಲಗೆಯನ್ನು ಕಂಡು ಮೇಲೆಂದು ಭ್ರಮಿಸಿದವರೂ ಉಂಟು. ಅಂಥ ವಿದ್ಯಾಲಯಗಳು ಆ ನಾಡಿನಲ್ಲಿ 400ಕ್ಕೂ ಹೆಚ್ಚಾಗಿವೆ. ಅವುಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯ ಬಗೆಯು ವಿಶ್ವವಿದ್ಯಾಲಯಗಳು. ಬೋಧನೆಯೂ ಸಂಶೋಧನೆಯೂ ಒಂದೇ ಮನೆಯಲ್ಲಿ ನಡೆಯಬೇಕೆಂಬ ಬರ್ಲಿನ್ನಿನ ಹುಂಬೋಲ್ಟನ ತತ್ವದ ಮೇಲೆ ಇವು ನಡೆಯುವವು. ಮ್ಯೂನಿಕ್, ಬರ್ಲಿನ್, ಡ್ರೆಸ್ಡನ್ ಮೊದಲಾದೆಡೆಗಳ ತಾಂತ್ರಿಕ ವಿಶ್ವವಿದ್ಯಾಲಯಗಳೂ ಇದೇ ಬಗೆಗೆ ಸೇರಿದವು. ಇಲ್ಲಿ ಶಾಸ್ತ್ರಕ್ಕೆ ಪ್ರಾಧಾನ್ಯ. ವಿದ್ಯಾರ್ಥಿಯು ತಾನಾಗಿ ಓದಿಕೊಳ್ಳಬೇಕು. ಬೆನ್ನಟ್ಟಿ ಪಾಠ ಹೇಳುವವರಿಲ್ಲ. ಮುಂದೆ ಡಾಕ್ಟರ್ ಪದವಿಗಾಗಿ ಸಂಶೋಧನೆ ಮಾಡಬೇಕೆಂಬವರಿಗೆ ಇದು ನೇರವಾದ ಹಾದಿ. ಡಾ. ಝಾಕೀರ ಹುಸೇನರು 1926ರಲ್ಲಿಯೂ ಡಾ. ರಾಮಮನೋಹರ ಲೋಹಿಯಾ ಅವರು 1933ರಲ್ಲಿಯೂ ಬರ್ಲಿನ್ನಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಬಂದು ದೇಶಸೇವೆಗೆ ನಿಂತದ್ದು ವಾಚಕರಿಗೆ ತಿಳಿದದ್ದೇ.

ಎರಡನೆಯ ಬಗೆಯು 'ಫಾಖ್‌ಹೋಖ್‌ಶೂಲೆ' ಎಂದು ಕರೆಯಿಸಿಕೊಳ್ಳುತ್ತಿದ್ದು, ಈಗ ಹೆಚ್ಚಾಗಿ 'ಪ್ರಯೋಗಶಾಸ್ತ್ರಗಳ ವಿದ್ಯಾಲಯ'ವೆಂಬ ಅರ್ಥದ ಹೆಸರನ್ನು ತಳೆದಿರುವದು. 1968ರಲ್ಲಿ ಅಲ್ಲಿಯ ಪ್ರಾಂತಗಳು ಮಾಡಿಕೊಂಡ ಒಡಂಬಡಿಕೆಯಿಂದ ಇವು ಹುಟ್ಟಿದವು. ಇಲ್ಲಿಯ ಪ್ರಾಧ್ಯಾಪಕನಾಗಬೇಕಾದರೆ ಸಾಮಾನ್ಯವಾಗಿ ಐದು ವರ್ಷಗಳ ವೃತ್ತಿಯ ಅನುಭವವಿರಬೇಕು. ಅದರಲ್ಲಿ ಮೂರು ವರ್ಷವಾದರೂ ವಿದ್ಯಾಲಯದ ಹೊರಗೆ ದುಡಿದಿರಬೇಕು. ಅನೇಕ ಪಾಠಕ್ರಮಗಳಲ್ಲಿ ಒಂದು ಸೆಮಿಸ್ಟರನ್ನು ಕಾರಖಾನೆಯಲ್ಲಿಯೋ ಕಚೇರಿಯಲ್ಲಿಯೋ ಕಳೆಯಬೇಕಾಗುವದು. ಓದು ಮುಗಿಸಿ ಕೆಲಸಕ್ಕೆ ಸೇರಬೇಕೆಂಬ ನಮ್ಮ ತರುಣರಲ್ಲಿ ಎಷ್ಟೋ ಮಂದಿಗೆ ಇದೇ ಹೆಚ್ಚು ಅನುಕೂಲವಾದುದು. ಇದರ ಬ್ಯಾಚಲರ್ ಮತ್ತು ಮಾಸ್ಟರ್ ಪದವಿಗಳು ವಿಶ್ವವಿದ್ಯಾಲಯದ ಪದವಿಗಳಿಗೆ ಕಾಯದೆಯಲ್ಲಿ ಸಮವೇ. ಆದರೆ ಡಾಕ್ಟರ್ ಪದವಿಯನ್ನು ಕೊಡುವ ಅಧಿಕಾರವು ಇವಕ್ಕೆ ಬಹುಕಾಲ ಇರಲಿಲ್ಲ. ಹೆಸ್ಸನ್ ಪ್ರಾಂತದ ಫುಲ್ಡಾ ವಿದ್ಯಾಲಯಕ್ಕೆ 2016ರಲ್ಲಿ ಅದು ಮೊದಲಬಾರಿಗೆ ದೊರೆಯಿತು, ಇತರ ಕೆಲವು ಪ್ರಾಂತಗಳೂ ಅದೇ ದಾರಿಯನ್ನು ಹಿಡಿದವು. ಸಂಶೋಧಕನಾಗಬೇಕೆಂಬವನು ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಮೂರನೆಯ ಬಗೆಯು ಚಿತ್ರ, ಸಂಗೀತ, ನಾಟಕ ಮೊದಲಾದ ಕಲೆಗಳ ವಿದ್ಯಾಲಯಗಳು. ಇಲ್ಲಿ ಅಂಕಪಟ್ಟಿಗಿಂತ ಕೈಯ ಕೆಲಸವೂ ಕಂಠವೂ ಪರೀಕ್ಷೆಗೆ ಒಳಗಾಗುವವು. ಇವಲ್ಲದೆ ಬಾಡೆನ್-ವುರ್ಟೆಂಬರ್ಗ್ ಪ್ರಾಂತದಲ್ಲಿ 1974ರಲ್ಲಿ ಆರಂಭವಾದ ವೃತ್ತಿ ಅಕಾಡೆಮಿಗಳಿಂದ ಬೆಳೆದು 2009ರಲ್ಲಿ ಉಚ್ಚ ವಿದ್ಯಾಲಯದ ಪದವಿಗೇರಿದ ಜೋಡು ಶಿಕ್ಷಣದ ಪದ್ಧತಿಯೊಂದುಂಟು: ವಿದ್ಯಾರ್ಥಿಯು ಕೆಲವು ತಿಂಗಳು ತರಗತಿಯಲ್ಲಿ, ಕೆಲವು ತಿಂಗಳು ಕಂಪನಿಯಲ್ಲಿ ಇದ್ದು ಸಂಬಳವನ್ನೂ ಪಡೆಯುವನು. ಕೇಳಲು ಸೊಗಸಾಗಿದೆ, ಆದರೆ ಮೊದಲು ಕಂಪನಿಯ ಕರಾರುಪತ್ರವು ಕೈಯಲ್ಲಿರಬೇಕು, ಜರ್ಮನ್ ಭಾಷೆಯು ಚೆನ್ನಾಗಿ ಬರಬೇಕು. ಇಲ್ಲಿಂದ ಹೊಸದಾಗಿ ಹೋಗುವವನಿಗೆ ಇದು ಸುಲಭಸಾಧ್ಯವಲ್ಲ.

ವೈದ್ಯ ಮತ್ತು ನ್ಯಾಯಶಾಸ್ತ್ರಗಳ ದಾರಿಯೇ ಬೇರೆ. ಇವುಗಳಲ್ಲಿ ವಿದ್ಯಾರ್ಥಿಯು ಸರಕಾರದ ಪರೀಕ್ಷೆಗೆ ಕೂಡಬೇಕು. ನ್ಯಾಯಶಾಸ್ತ್ರದಲ್ಲಿ ಮೊದಲನೆಯ ಪರೀಕ್ಷೆ, ಆ ಮೇಲೆ ಎರಡು ವರ್ಷಗಳ ಉಮೇದುವಾರಿ, ಆ ಮೇಲೆ ಎರಡನೆಯ ಪರೀಕ್ಷೆ. ಇಷ್ಟಾದ ಮೇಲೆಯೇ ವಕೀಲಿ. ನಮ್ಮ ಎಲ್.ಎಲ್.ಬಿ. ಪದವೀಧರನು ಅಲ್ಲಿ ಎಲ್.ಎಲ್.ಎಂ. ಮಾಡಬಹುದು, ಜ್ಞಾನವೃದ್ಧಿಗೆ ಅದು ಒಳ್ಳೆಯದೇ. ಆದರೆ ಆ ಪದವಿಯೊಂದರಿಂದ ಅವನು ಜರ್ಮನ್ ಕೋರ್ಟಿನಲ್ಲಿ ನಿಂತು ವಾದಿಸಲಾರನು. ವೈದ್ಯಶಾಸ್ತ್ರವು ಆರು ವರ್ಷಗಳಿಗೂ ಮೇಲಿನ ಪಾಠವು, ಜರ್ಮನ್ ಭಾಷೆಯಲ್ಲಿಯೇ ನಡೆಯುವದು. ಇಲ್ಲಿ ಒಂದು ವಿಪರೀತವನ್ನು ನೋಡಿರಿ: ಪರದೇಶದಲ್ಲಿ ವೈದ್ಯ ಕಲಿತು ಬಂದವನಿಗೆ ಭಾರತದಲ್ಲಿ ಪರವಾನಗಿ ಸಿಗಬೇಕಾದರೆ ಅವನ ಪಾಠವು ಇಂಗ್ಲೀಷಿನಲ್ಲಿ ನಡೆದಿರಬೇಕೆಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಬಂಧನೆಗಳು ವಿಧಿಸುವವು. ಹೀಗಾಗಿ ಬರ್ಲಿನ್ನಿನಲ್ಲಿ ಜರ್ಮನ್ನರಂತೆಯೇ ವೈದ್ಯನಾದವನು ಧಾರವಾಡಕ್ಕೆ ಬಂದು ನಾಡಿ ಹಿಡಿಯಲು ಅಡ್ಡಿಯಾಗುವದು! ರೋಗವು ಇಂಗ್ಲೀಷನ್ನು ಅರಿಯದಿದ್ದರೂ ನಿಯಮವು ಇಂಗ್ಲೀಷನ್ನಲ್ಲದೆ ಬೇರೊಂದನ್ನು ಅರಿಯದು. ನಿಯಮವು ಸರಿಯೋ ತಪ್ಪೋ, ಅದು ಇರುವ ವರೆಗೆ ಮರಳಿ ಬರಬೇಕೆಂಬವರು ಅದನ್ನು ಓದಿಯೇ ಹೆಜ್ಜೆಯಿಡಬೇಕು.

ಇನ್ನು ಒಳಗೆ ಹೋಗುವ ಬಾಗಿಲುಗಳು. ನಮ್ಮ ಪಿ.ಯು.ಸಿ. ಎರಡನೆಯ ವರ್ಷವನ್ನು ಮುಗಿಸಿದವನು ಸಾಮಾನ್ಯವಾಗಿ ನೇರವಾಗಿ ಅಲ್ಲಿಯ ಬ್ಯಾಚಲರ್ ತರಗತಿಗೆ ಸೇರಲಾರನು. ಅವನು 'ಷ್ಟೂಡಿಯೆನ್‌ಕೊಲೆಗ್' ಎಂಬ ಪೂರ್ವಸಿದ್ಧತೆಯ ಶಾಲೆಯಲ್ಲಿ ಎರಡು ಸೆಮಿಸ್ಟರು ಓದಿ ಅರ್ಹತಾ ಪರೀಕ್ಷೆಯನ್ನು ಗೆಲ್ಲಬೇಕು, ಇಲ್ಲವೆ ಭಾರತದಲ್ಲಿಯೇ ಮಾನ್ಯವಾದ ವಿಶ್ವವಿದ್ಯಾಲಯದಲ್ಲಿ ಪದವಿಯ ಓದನ್ನು ಆರಂಭಿಸಿ ಯಶಸ್ವಿಯಾಗಿ ಮುಂದುವರಿದಿರಬೇಕು, ಇಲ್ಲವೆ ಐ.ಐ.ಟಿ.ಗಳ ಮುಂದುವರಿದ ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ತಾಂತ್ರಿಕ ಹಾಗೂ ನಿಸರ್ಗಶಾಸ್ತ್ರಗಳಿಗೆ ಅರ್ಜಿ ಹಾಕಬಹುದು. ನಾಲ್ಕು ವರ್ಷಗಳ ಬಿ.ಇ. ಮುಗಿಸಿದವನು ಮಾಸ್ಟರ್ ತರಗತಿಗೆ ಹೋಗಬಹುದು. ಮೂರು ವರ್ಷಗಳ ಬಿ.ಎಸ್‌ಸಿ., ಬಿ.ಕಾಂ. ಪದವಿಗಳನ್ನು ಕೆಲವು ವಿದ್ಯಾಲಯಗಳು ಒಪ್ಪುವವು, ಕೆಲವು ಇನ್ನಷ್ಟು ವಿಷಯಗಳನ್ನು ಕೇಳುವವು. ಮಾಸ್ಟರ್ ಪಾಠಗಳಲ್ಲಿ ಹೆಚ್ಚಿನವು ಹಿಂದಿನ ಓದಿನ ಮುಂದುವರಿಕೆಯೇ ಆಗಿರುವದರಿಂದ, ಯಂತ್ರಶಾಸ್ತ್ರವನ್ನು ಓದಿದವನು ಮನಸ್ಸು ಬಂದಂತೆ ಅರ್ಥಶಾಸ್ತ್ರಕ್ಕೆ ಹಾರಲು ಅವಕಾಶ ಕಡಿಮೆ. ಇದಲ್ಲದೆ 2022ರ ನವಂಬರದಿಂದ ಭಾರತೀಯ ವಿದ್ಯಾರ್ಥಿಗಳ ಕಾಗದಪತ್ರಗಳನ್ನು ದಿಲ್ಲಿಯ ಜರ್ಮನ್ ರಾಯಭಾರದ 'ಎ.ಪಿ.ಎಸ್.' ಎಂಬ ಕಚೇರಿಯು ಪರೀಕ್ಷಿಸಿ ಪ್ರಮಾಣಪತ್ರವನ್ನು ಕೊಟ್ಟ ಹೊರತು ಸಾಮಾನ್ಯವಾಗಿ ವಿದ್ಯಾರ್ಥಿಯ ವೀಸಾ ದೊರೆಯುವದಿಲ್ಲ. ಖೊಟ್ಟಿ ಅಂಕಪಟ್ಟಿಗಳನ್ನು ಮಾರಿದ ಪುಣ್ಯಾತ್ಮರ ಪಾಪವನ್ನು ಪ್ರಾಮಾಣಿಕನಾದ ಹುಡುಗನೂ ಹೀಗೆ ಹೊರಬೇಕಾಗಿ ಬಂದಿದೆ.

ಈಗ ದುಡ್ಡಿನ ಮಾತು. ಸರಕಾರದ ವಿದ್ಯಾಲಯಗಳಲ್ಲಿ ಹೆಚ್ಚಿನವು ಬೋಧನ ಶುಲ್ಕವನ್ನು ತೆಗೆದುಕೊಳ್ಳುವದಿಲ್ಲವೆಂಬುದು ನಿಜ. ಕೆಲವು ಪ್ರಾಂತಗಳು ಒಮ್ಮೆ ಶುಲ್ಕವನ್ನು ವಿಧಿಸಿ ನೋಡಿ, ಜನರ ವಿರೋಧಕ್ಕೆ ಮಣಿದು 2014ರ ಹೊತ್ತಿಗೆ ಅದನ್ನು ತೆಗೆದುಹಾಕಿದವು. ಆದರೆ ಬಾಡೆನ್-ವುರ್ಟೆಂಬರ್ಗ್ ಪ್ರಾಂತವು 2017ರ ಚಳಿಗಾಲದಿಂದ ಯೂರೋಪ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಗೊತ್ತುಪಡಿಸಿತು. ಹೈಡೆಲ್‌ಬರ್ಗ್, ಟ್ಯೂಬಿಂಗನ್, ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಎಲ್ಲವೂ ಆ ಪ್ರಾಂತದಲ್ಲಿಯೇ ಇರುವವು. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಹೊಸದಾಗಿ ಸೇರುವ ಹೊರಗಿನವರಿಗೆ ಶುಲ್ಕವನ್ನು ಆರಂಭಿಸಿತು. ಶುಲ್ಕವಿಲ್ಲದಲ್ಲಿಯೂ ಸೆಮಿಸ್ಟರಿನ ವಂತಿಗೆಯುಂಟು, ರೋಗವಿಮೆಯು ಕಡ್ಡಾಯ, ಊಟವಸತಿಗಳು ಧರ್ಮಛತ್ರದಲ್ಲಿ ದೊರೆಯುವದಿಲ್ಲ. ವೀಸಾಕ್ಕೆ ಮೊದಲು ಒಂದು ವರ್ಷದ ಜೀವನವೆಚ್ಚವನ್ನು ತೋರಿಸಬೇಕು. 2024ರ ಸಪ್ಟಂಬರದಲ್ಲಿ ಈ ಮೊತ್ತವು 11,904 ಯೂರೋ ಎಂದು ನಿಗದಿಯಾಯಿತು, ಅಂದರೆ ಹತ್ತು ಲಕ್ಷ ರೂಪಾಯಿಗಳಿಗೂ ಮೇಲೆ. ಇದು ಶುಲ್ಕವಲ್ಲ, ವಿದ್ಯಾರ್ಥಿಯ ಹೆಸರಿನಲ್ಲಿಯೇ ಇದ್ದು ತಿಂಗಳು ತಿಂಗಳು ಅವನ ಕೈಗೇ ಬರುವ ಹಣ. ದುಡಿದು ಓದುವೆನೆಂಬವನಿಗೆ 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ಣ ದಿನಗಳ ದುಡಿಮೆಗೆ ಅನುಮತಿಯುಂಟು. ಆದರೆ ಮೊದಲ ವರ್ಷದ ಲೆಕ್ಕವನ್ನು ಆ ಸಂಪಾದನೆಯ ಮೇಲೆ ಹಾಕಿದವನು ಮಳೆ ಬರುವ ಮುಂಚೆ ಸುಗ್ಗಿಯ ಲೆಕ್ಕ ಹಾಕಿದಂತೆ.

ಇಲ್ಲಿಯೇ ದಲಾಲನ ಪ್ರವೇಶವಾಗುವದು. ಸರಕಾರದ ವಿದ್ಯಾಲಯಗಳು ಹೆಚ್ಚಾಗಿ ಅವನಿಗೆ ದಲಾಲಿಯನ್ನು ಕೊಡುವದಿಲ್ಲ. ಕೊಡುವವು ಶುಲ್ಕದಿಂದ ಬದುಕುವ ಖಾಸಗಿ ಶಾಲೆಗಳು. ಆದುದರಿಂದ ಅವನ ಬೆರಳು ಯಾವ ಕಡೆಗೆ ತೋರುವದೆಂಬುದನ್ನು ಹೇಳಬೇಕಾಗಿಲ್ಲ. ಶುಲ್ಕವಿಲ್ಲದ ನಾಡಿಗೆಂದು ಹೊರಟ ಹುಡುಗನು ವರ್ಷಕ್ಕೆ ಸಾವಿರಾರು ಯೂರೋ ತೆತ್ತು ಓದುವಂತಾಗುವದು ಈ ಪ್ರಕಾರವೇ. ಖಾಸಗಿ ಶಾಲೆಗಳೆಲ್ಲ ಕೆಟ್ಟವೆಂದು ನಾವು ಹೇಳುವದಿಲ್ಲ. ಸರಕಾರದ ಮನ್ನಣೆಯನ್ನು ಪಡೆದು ಒಳ್ಳೆಯ ಕೆಲಸ ಮಾಡುವವೂ ಇವೆ. ಆದರೆ ಸಹಿ ಹಾಕುವ ಮುಂಚೆ ಪ್ರತಿಯೊಬ್ಬ ಪಾಲಕನು ಐದು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಈ ಶಾಲೆಯು ಸರಕಾರದ್ದೋ ಖಾಸಗಿಯೋ? ಖಾಸಗಿಯಾದರೆ ಪ್ರಾಂತ ಸರಕಾರವು ಅದನ್ನು ಮನ್ನಿಸಿದೆಯೋ? ಇದು ಮೇಲೆ ಹೇಳಿದ ಯಾವ ಬಗೆಗೆ ಸೇರಿದ್ದು? ಪಾಠವು ಕೊನೆಯ ವರೆಗೂ ಯಾವ ಭಾಷೆಯಲ್ಲಿ ನಡೆಯುವದು? ವೀಸಾ ಸಿಗದಿದ್ದರೆ ಕೊಟ್ಟ ಹಣವು ಎಷ್ಟು ದಿನಗಳಲ್ಲಿ, ಎಷ್ಟು ಮರಳಿ ಬರುವದು? ಬಾಯಿಮಾತಿನ ಭರವಸೆಗೆ ಕೋರ್ಟಿನಲ್ಲಿ ಎಷ್ಟು ಬೆಲೆಯೆಂಬುದನ್ನು ವಕೀಲರಾದ ನಾವು ದಿನದಿನವೂ ಕಾಣುತ್ತಿರುವೆವು. ಜರ್ಮನಿಯ ಕುಲಪತಿಗಳ ಪರಿಷತ್ತು ಎಲ್ಲ ಮಾನ್ಯ ವಿದ್ಯಾಲಯಗಳ ಪಟ್ಟಿಯನ್ನು ಪ್ರಕಟಿಸಿದೆ; 1925ರಲ್ಲಿ ಹುಟ್ಟಿದ 'ಡಾಡ್' ಎಂಬ ವಿದ್ಯಾವಿನಿಮಯ ಸಂಸ್ಥೆಯು ಪಾಠಗಳ ಮತ್ತು ಶಿಷ್ಯವೃತ್ತಿಗಳ ವಿವರವನ್ನು ಕೊಡುವದು. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ.

ಮತ್ತೊಂದು ಮಾತನ್ನು ದಲಾಲರು ಎಂದೂ ಹೇಳರು. ಅಲ್ಲಿಯ ಪರೀಕ್ಷೆಯಲ್ಲಿ 1 ಎಂಬುದು ಶ್ರೇಷ್ಠ, 4 ಎಂಬುದು ಉತ್ತೀರ್ಣದ ಕೊನೆಯ ಮೆಟ್ಟಿಲು, 5 ಎಂದರೆ ಅನುತ್ತೀರ್ಣ. ಕಡ್ಡಾಯವಾದ ವಿಷಯದಲ್ಲಿ ಗೊತ್ತುಪಡಿಸಿದ ಸಲ ಕೂತು, ಸಾಮಾನ್ಯವಾಗಿ ಮೂರು ಸಲ, ಮೂರನೆಯದರಲ್ಲಿಯೂ ಸೋತರೆ ಹೆಸರು ಪಟ್ಟಿಯಿಂದ ಹೋಗುವದು. ಅದೇ ಪಾಠವನ್ನು ಜರ್ಮನಿಯ ಬೇರೆ ವಿದ್ಯಾಲಯದಲ್ಲಿ ಓದುವ ದಾರಿಯೂ ಸಾಮಾನ್ಯವಾಗಿ ಮುಚ್ಚುವದು. ವರ್ಷ ವರ್ಷ ಕಟ್ಟಿ ಎಂದಾದರೊಮ್ಮೆ ಪಾಸಾಗುವ ನಮ್ಮ ರೂಢಿಯು ಅಲ್ಲಿ ನಡೆಯದು. ಗೆದ್ದು ಪದವಿ ಪಡೆದವನಿಗಾದರೋ ಕೆಲಸ ಹುಡುಕಿಕೊಳ್ಳಲು 18 ತಿಂಗಳ ವಾಸದ ಅನುಮತಿಯುಂಟು.

ಎಲ್ಲಕ್ಕೂ ಮೇಲಾಗಿ ಭಾಷೆ. ಮಾಸ್ಟರ್ ತರಗತಿಗಳಲ್ಲಿ ಇಂಗ್ಲೀಷ ಪಾಠಗಳು ಹಲವಿದ್ದರೂ, ಸರಕಾರದ ವಿದ್ಯಾಲಯಗಳ ಬ್ಯಾಚಲರ್ ಪಾಠಗಳಲ್ಲಿ ಹೆಚ್ಚಿನವು ಜರ್ಮನ್ನಿನಲ್ಲಿಯೇ ಇರುವವು. ಇಂಗ್ಲೀಷಿನಲ್ಲಿ ಓದಿದವನಿಗೂ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಕೆಲಸದ ಮನೆಯಲ್ಲಿ ಜರ್ಮನ್ ಬೇಕೇ ಬೇಕು. ಇದನ್ನು ತೊಡಕೆಂದು ಗೊಣಗುವ ಮುಂಚೆ ಆ ಜನರ ಇತಿಹಾಸವನ್ನು ನೋಡೋಣ. ಅವರ ವಿದ್ಯಾಪೀಠಗಳಲ್ಲಿಯೂ ಒಂದು ಕಾಲಕ್ಕೆ ಲ್ಯಾಟಿನ್ನೇ ಆಳುತ್ತಿತ್ತು. ತಾಯ್ನುಡಿಯಲ್ಲಿ ಶಾಸ್ತ್ರ ಹೇಳುವದು ಅಗೌರವವೆಂದು ಪಂಡಿತರು ಬಗೆಯುತ್ತಿದ್ದರು. 1687ರಲ್ಲಿ ಲೈಪ್‌ಜಿಗ್ಗಿನಲ್ಲಿ ಕ್ರಿಶ್ಚಿಯನ್ ಥೊಮಾಸಿಯಸ್ ಎಂಬ ನ್ಯಾಯಶಾಸ್ತ್ರಜ್ಞನು ಜರ್ಮನ್ ಭಾಷೆಯಲ್ಲಿ ಉಪನ್ಯಾಸವನ್ನು ಸಾರಿ ಆ ಕಟ್ಟನ್ನು ಮುರಿದನು. ಅಂದಿನಿಂದ ಬೆಳೆದ ನುಡಿಯಲ್ಲಿ ಇಂದು ರಸಾಯನ, ಯಂತ್ರ, ವೈದ್ಯ, ತತ್ವ ಎಲ್ಲವೂ ನಡೆಯುವವು. ಆ ನಾಡಿನವನೇ ಆದ ಕಿಟ್ಟೆಲ್ ಪಂಡಿತನು 1853ರಲ್ಲಿ ನಮ್ಮ ನಾಡಿಗೆ ಬಂದು ಕನ್ನಡವನ್ನು ಕಲಿತು, 1894ರಲ್ಲಿ ಮಂಗಳೂರಿನಲ್ಲಿ ತನ್ನ ಮಹಾ ಶಬ್ದಕೋಶವನ್ನು ಹೊರತಂದನು. ಆ ಕೆಲಸಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು 1896ರಲ್ಲಿ ಅವನಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ನಮ್ಮ ಭಾಷೆಯನ್ನು ಅಷ್ಟು ಶ್ರದ್ಧೆಯಿಂದ ಕಲಿತವನ ನಾಡಿಗೆ ಹೋಗುವ ನಮ್ಮ ಹುಡುಗನು ಅವನ ಭಾಷೆಯನ್ನು ಎರಡು ವರ್ಷ ಮನಸ್ಸಿಟ್ಟು ಕಲಿಯಲಾರನೇ?

ಕನ್ನಡ ನಾಡು ಹರಿದು ಹಂಚಿಹೋಗಿದ್ದಾಗ ಧಾರವಾಡದ ಹುಡುಗನು ಮುಂಬಯಿಯ ವಿಶ್ವವಿದ್ಯಾಲಯವನ್ನೂ, ಮಂಗಳೂರಿನವನು ಮದ್ರಾಸಿನದನ್ನೂ, ಕಲಬುರ್ಗಿಯವನು ಹೈದರಾಬಾದಿನ ಉಸ್ಮಾನಿಯಾವನ್ನೂ ನೋಡಿಕೊಂಡಿರಬೇಕಾಗಿತ್ತು. 1916ರಲ್ಲಿ ಹುಟ್ಟಿದ ಮೈಸೂರಿನದು ಸಂಸ್ಥಾನದವರಿಗೆ ಆಸರೆಯಾಗಿತ್ತು. ಒಬ್ಬನ ನಿಯಮವು ಇನ್ನೊಬ್ಬನಿಗೆ ತಿಳಿಯದು. ತಿಳಿಸುವ ಪುಸ್ತಕವು ಕನ್ನಡದಲ್ಲಿಲ್ಲ. ಈ ಅವಸ್ಥೆಯು ತಪ್ಪಲೆಂದೇ ಹಿರಿಯರು ಏಕೀಕರಣಕ್ಕಾಗಿ ಹೆಣಗಿದರು. 1956ರ ನವಂಬರ 1ರಂದು ನಾಡು ಒಂದಾಯಿತು. ಗಡಿಗಳು ಕೂಡಿದವು, ಆದರೆ ತಿಳಿವಳಿಕೆಯು ಕೂಡಿತೇ? ಬೀದರದ ರೈತನಿಗೂ ಕೊಡಗಿನ ತೋಟಗಾರನಿಗೂ ಮಗನ ಓದಿನ ವಿಷಯದಲ್ಲಿ ನಂಬತಕ್ಕ ಒಂದು ಕನ್ನಡ ಕೈಪಿಡಿಯು ಮನೆಯ ಹತ್ತಿರದ ವಾಚನಾಲಯದಲ್ಲಿ ದೊರೆಯುವಂತಿರಬೇಕು. ಹಾಗಿಲ್ಲದ ವರೆಗೆ ಏಕೀಕರಣದ ಕೆಲಸವು ಮುಗಿಯಿತೆಂದು ನಾವು ಹೇಳಲಾರೆವು.

ಆದುದರಿಂದ ಮೂರು ಸೂಚನೆಗಳನ್ನು ಮಾಡುವೆವು. 1890ರಿಂದ ನಡೆದುಬಂದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ, 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಇಂಥ ಸಂಸ್ಥೆಗಳು ಒಂದೊಂದು ದೇಶದ ಉಚ್ಚ ಶಿಕ್ಷಣದ ಬಗ್ಗೆ ಒಂದೊಂದು ಚಿಕ್ಕ ಪುಸ್ತಕವನ್ನು ಕನ್ನಡದಲ್ಲಿ ಹೊರಡಿಸಿ, ವರ್ಷಕ್ಕೊಮ್ಮೆ ತಿದ್ದುತ್ತಿರಲಿ; ಯಾಕಂದರೆ ಈ ನಿಯಮಗಳು ಕ್ಯಾಲೆಂಡರಿನಂತೆ ಬದಲಾಗುವವು. ಹೋಗಿ ಓದುತ್ತಿರುವ ನಮ್ಮ ತರುಣರು ತಮ್ಮ ಊರಿನ ಶಾಲೆಗೆ ವರ್ಷಕ್ಕೊಂದು ಪತ್ರವನ್ನು ಬರೆದು, ತಾವು ಸೇರಿದ ವಿದ್ಯಾಲಯದ ಬಗೆ, ವೆಚ್ಚ, ಕಷ್ಟಸುಖಗಳನ್ನು ಇದ್ದದ್ದಿದ್ದ ಹಾಗೆ ತಿಳಿಸಲಿ. ಚಳಿಗಾಲದ ಹಿಮದ ಚಿತ್ರವೊಂದೇ ಸಾಲದು. ಇನ್ನು ಶಾಲಾಮಾಸ್ತರರೇ, ಮೂರನೆಯದು ನಿಮ್ಮ ಪಾಲಿನದು. ನಿಮ್ಮ ಊರಿನಲ್ಲಿ ಜನರು ನಿಮ್ಮ ಮಾತನ್ನು ನಂಬುವರು. ಪಾಲಕನು ಅಡವುಪತ್ರಕ್ಕೆ ಹೆಬ್ಬೆಟ್ಟನ್ನೋ ಸಹಿಯನ್ನೋ ಹಾಕುವ ಮುಂಚೆ ಒಮ್ಮೆ ನಿಮ್ಮ ಹತ್ತಿರ ಬರುವಂತೆ ಮಾಡಿರಿ. ಆ ಐದು ಪ್ರಶ್ನೆಗಳನ್ನು ಅವನ ಕೈಯಲ್ಲಿ ಬರೆದುಕೊಡಿರಿ.

ಹೋಗುವವರು ಹೋಗಲಿ, ಹೋಗಿ ಕಲಿಯಲಿ. ಮರಳುವದೋ ನಿಲ್ಲುವದೋ ಅವರವರ ಮನಸ್ಸು. ಆದರೆ ಕನ್ನಡ ತಂದೆಯ ಹೊಲವು ಕನ್ನಡದ ಮಗನ ವಿದ್ಯೆಯಾಗಿ ಮಾರ್ಪಡಬೇಕು. ನಡುವಿನವನ ದಲಾಲಿಯಾಗಿ ಕರಗಬಾರದು. ಇಷ್ಟನ್ನು ಕಾಯುವದು ಬಲ್ಲವರೆಲ್ಲರ ಕರ್ತವ್ಯವು.